ಒತ್ತಿ ತೀರಿಸಿದ ಮುಯ್ಯಿ

ಒಬ್ಬಳಿಗಾಗಿ ಒಂದೇ ಒಂದು ಮುದ್ದೆ ಮಾಡುವುದು ಕಷ್ಟ. ನಾಲ್ಕು ಜನಕ್ಕೆ, ಹತ್ತು ಜನಕ್ಕೆ ಮಾಡುವವರಿಗೆ ಇದು ಗೊತ್ತಾಗುವುದಿಲ್ಲ. ಒಂದು ಲೋಟ ಎಸರಿಟ್ಟರೆ ಹಿಟ್ಟು ಹಾಕುವಷ್ಟರಲ್ಲಿ ಅರ್ಧ ಇಂಗಿರುತ್ತದೆ. ಪಾತ್ರೆ ಚಿಕ್ಕದಾದರೆ ಕೋಲು ಆಡುವುದಿಲ್ಲ, ದೊಡ್ಡದಾದರೆ ಹಿಟ್ಟೆಲ್ಲ ತಳಕ್ಕೆ ಮೆತ್ತಿಕೊಂಡು ಕೈಗೆ ನಿಂಬೆಹಣ್ಣಿನಷ್ಟು ಸಿಗುತ್ತದೆ. ನನ್ನವರು ತೀರಿಕೊಂಡ ಮೇಲೆ ಮೊದಲ ಎರಡು ವರ್ಷ ನಾನು ಇಬ್ಬರಿಗಾಗುವಷ್ಟೇ ತಿರುವಿ, ಒಂದನ್ನು ಉಂಡು ಇನ್ನೊಂದನ್ನು ಎಮ್ಮೆಗೆ ಹಾಕುತ್ತಿದ್ದೆ. ಎಮ್ಮೆ ದಪ್ಪಗಾಯಿತು. ಒಂದು ದಿನ ನನ್ನ ಮೇಲೆ ನನಗೇ ಸಿಟ್ಟು ಬಂದು, ಒಂದೇ ಮುದ್ದೆ ಮಾಡುವುದನ್ನು ಕಲಿತೇ ತೀರುತ್ತೇನೆ ಎಂದು ಹಠ ಹಿಡಿದು ಕಲಿತೆ.

ಅದನ್ನೇ ಒಂದು ದಿನ ಬ್ಲಾಗಿನಲ್ಲಿ ಬರೆದೆ. ಅಲ್ಲಿಂದ ಇದೆಲ್ಲ ಶುರುವಾಯಿತು.

ಬ್ಲಾಗು ಬರೆಯುವಷ್ಟು ದೊಡ್ಡ ಓದು ನನ್ನದಲ್ಲ. ನಮ್ಮೂರು ಮಾಯಸಂದ್ರಕ್ಕೆ ಮೂರು ಮೈಲಿ. ಮದುವೆಯಾಗಿ ಬಂದ ಹೊಸದರಲ್ಲಿ, ಮಕ್ಕಳಾಗುವ ತನಕ ಸುಮ್ಮನೆ ಯಾಕೆ ಕೂರುತ್ತೀಯ ಎಂದು ನನ್ನವರು ಅಲ್ಲಿಯ ಟೈಪಿಂಗ್ ಕ್ಲಾಸಿಗೆ ಸೇರಿಸಿದ್ದರು. ಮಕ್ಕಳಾಗಲಿಲ್ಲ, ಟೈಪಿಂಗ್ ಬಂತು. ಆ ಕ್ಲಾಸು ನಡೆಸುತ್ತಿದ್ದ ಸಾಹೇಬರು ಟೈಪ್‌ರೈಟರುಗಳನ್ನೆಲ್ಲ ಗುಜರಿಗೆ ಹಾಕಿ ಈಗ ಅದೇ ಮಳಿಗೆಯಲ್ಲಿ ಆನ್‌ಲೈನ್ ಸೆಂಟರ್ ಇಟ್ಟಿದ್ದಾರೆ. ಪಹಣಿ, ಆಧಾರ್, ಕರೆಂಟ್ ಬಿಲ್ಲು ಎಲ್ಲ ಅಲ್ಲೇ. ನನಗೆ ಅವರು ಇವತ್ತಿಗೂ ಮೇಷ್ಟ್ರು. ವಾರಕ್ಕೊಂದು ಸಲ ಏನಾದರೂ ನೆಪ ಮಾಡಿಕೊಂಡು ಅಲ್ಲಿಗೆ ಹೋಗುತ್ತಿದ್ದೆ. ಪಹಣಿ ತೆಗೆಸಿದ್ದನ್ನೇ ಮತ್ತೆ ತೆಗೆಸಿದ್ದೂ ಉಂಟು.

ಒಂದು ದಿನ ಅವರೇ ಬಾಯಿಬಿಟ್ಟರು. "ಅಮ್ಮ, ನೀವು ಬಂದ್ರೆ ಒಂದು ಗಂಟೆ ಮಾತಾಡ್ತೀರಿ. ಕೇಳೋಕೆ ನಂಗೆ ಇಷ್ಟಾನೇ. ಆದ್ರೆ ಹಿಂದೆ ಆರು ಜನ ನಿಂತಿರ್ತಾರೆ. ಈ ಮಾತನ್ನೆಲ್ಲ ಟೈಪ್ ಮಾಡಿ ಹಾಕಿಬಿಡಿ, ಬೇಕಾದೋರು ಓದ್ಕೋತಾರೆ."

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ನಾನು. ದುಡ್ಡು ಎಸೆದು ಎದ್ದು ಬಂದೆ. ಬಸ್ಸಿನಲ್ಲಿ ಕೂತು ಯೋಚಿಸಿದರೆ ಅವರು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಮುಂದಿನ ವಾರ ಹೋಗಿ ಅವರ ಹತ್ತಿರವೇ ಒಂದು ಹಳೇ ಲ್ಯಾಪ್‌ಟಾಪು ಕೊಂಡೆ. ಅವರೇ ಬ್ಲಾಗು ತೆರೆದುಕೊಟ್ಟರು. ಅಟ್ಟದ ಮೇಲಿನ ಕಾಯಿ ಒಣಗಿ ಕೊಬ್ಬರಿಯಾಗಿದೆಯೋ ಇಲ್ಲವೋ ಎಂದು ಅಲ್ಲಾಡಿಸಿ ಕಿವಿಯಲ್ಲೇ ತಿಳಿಯುವುದು ಹೇಗೆ ಎಂದು ಮೊದಲು ಬರೆದೆ. ಆಮೇಲೆ ಎಮ್ಮೆಯ ಸ್ವಭಾವ, ಉಪ್ಪೆಸರು, ತೋಟಕ್ಕೆ ಬರುವ ಅಳಿಲಿನ ಹಾವಳಿ. ಓದಿದವರು ಇಬ್ಬರು ಎಂದು ಕೆಳಗೆ ತೋರಿಸುತ್ತಿತ್ತು. ಒಬ್ಬಳು ನಾನು, ಇನ್ನೊಬ್ಬರು ಮೇಷ್ಟ್ರು. ಅವರೂ ಓದುತ್ತಿರಲಿಲ್ಲ, ಸುಮ್ಮನೆ ತೆರೆದು ಮುಚ್ಚುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು.

ಮಾತಾಡುವುದಕ್ಕೆ ಊರಿನಲ್ಲಿ ಜನವೇ ಇರಲಿಲ್ಲವೇ ಎಂದು ಕೇಳಬಹುದು. ಇದ್ದರು. ಗೋಡೆಯ ಆಚೆಗೇ ಇದ್ದರು. ನಮ್ಮದು ಪಾಲಾದ ಮನೆ. ಒಂದೇ ಮನೆಯ ನಡುವೆ ಗೋಡೆ ಎತ್ತಿ ಎರಡು ಮಾಡಿದ್ದು. ಆ ಕಡೆ ನನ್ನ ಓರಗಿತ್ತಿ, ನನ್ನವರ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಅಕ್ಕ, ಭಾವ ಇಬ್ಬರೇ ಇದ್ದಾರೆ, ಮಗಳನ್ನು ಹಂದನಕೆರೆ ಕಡೆಗೆ ಕೊಟ್ಟಿದ್ದಾರೆ. ಅವರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಎಂದು ನನಗೆ ಗೊತ್ತಿರುತ್ತಿತ್ತು. ನನ್ನ ಮನೆಯಲ್ಲಿ ಏನೂ ಕೂಗುವುದಿಲ್ಲ ಎಂದು ಅವರಿಗೂ ಗೊತ್ತಿದ್ದಿರಬೇಕು.

ಮಾತು ಬಿಟ್ಟದ್ದು ನನ್ನವರ ತಿಥಿಯ ದಿನ. ಇನ್ನೂರು ಜನರ ಅಡುಗೆ. ಅಕ್ಕ ಬೆಳಗಿನ ಜಾವದಿಂದ ಒಲೆಯ ಮುಂದೆ ಇದ್ದಳು. ತಂದಿದ್ದ ಕಾಯಿ ಸಾಲದೆ ಬಂತು ಎಂದು ಯಾರನ್ನೋ ಹತ್ತಿಸಿ ನಮ್ಮ ಪಾಲಿನ ಮರದಿಂದ ಮೂವತ್ತು ಕಾಯಿ ಇಳಿಸಿದ್ದಾಳೆ. ಮರ ಹತ್ತಿದ್ದು ನನ್ನ ಕಣ್ಣಿಗೆ ಬಿತ್ತು. ಆ ಮರಗಳಿಗೆ ನೀರು ಕಟ್ಟುತ್ತಿದ್ದವರು ಹೋಗಿ ಹನ್ನೊಂದು ದಿನ ಆಗಿತ್ತು ಅಷ್ಟೇ. "ಅವರು ಹೋಗಿದ್ದೇ ತಡ, ಮರಕ್ಕೆ ಕೈ ಹಾಕಿದ್ರಾ?" ಎಂದು ನೆಂಟರೆಲ್ಲರ ಮುಂದೆ ಕೂಗಿದೆ. ಇನ್ನೂ ಏನೇನೋ ಅಂದೆ. ಕಾಯಿಯನ್ನು ನೀರಿನಂತೆ ಬಳಸುವ ಸೀಮೆಯಲ್ಲಿ ಮೂವತ್ತು ಕಾಯಿಗೆ ಯಾರಾದರೂ ಜಗಳ ಆಡುತ್ತಾರೆಯೇ? ನಾನು ಆಡಿದೆ. ಅಕ್ಕ ಸೌಟು ಕೆಳಗಿಟ್ಟು ತನ್ನ ಮನೆಗೆ ಹೋದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಪ್ಪು ನನ್ನದೇ ಎಂದು ಅವತ್ತು ಸಂಜೆಯೇ ಗೊತ್ತಾಗಿತ್ತು. ಆದರೆ ಗೊತ್ತಾಗುವುದು ಬೇರೆ, ಹೋಗಿ ಹೇಳುವುದು ಬೇರೆ. ಇವತ್ತು ಹೋಗೋಣ, ನಾಳೆ ಹೋಗೋಣ ಎನ್ನುತ್ತಾ ಆರು ವರ್ಷ ಕಳೆದವು. ಊರಿನ ಹೆಂಗಸರು ಅಕ್ಕನ ಕಡೆ ನಿಂತರು. ಅದೂ ನ್ಯಾಯವೇ.

ಮುದ್ದೆಯ ಬಗ್ಗೆ ಬರೆಯುವಾಗ ಇದರದೂ ಒಂದು ಸಾಲು ಸೇರಿಸಿದೆ. ಎಸರು ಎಷ್ಟು, ಹಿಟ್ಟು ಎಷ್ಟು ಎಂದು ಹೇಳಿ, ಕೊನೆಗೆ, ಗೋಡೆಯ ಆಚೆ ಸಾರಿಗೆ ಒಗ್ಗರಣೆ ಬಿದ್ದ ವಾಸನೆ ಬರುತ್ತದೆ, ನನಗೆ ಮಾತ್ರ ನಮ್ಮವರು ಎನ್ನುವವರು ಯಾರೂ ಇಲ್ಲ ಎಂದು ಬರೆದುಬಿಟ್ಟೆ. ಓದುವವರು ಯಾರಿದ್ದಾರೆ ಎಂಬ ಧೈರ್ಯ.

ಯಾರು ಎಲ್ಲಿಗೆ ಕಳಿಸಿದರೋ ಕಾಣೆ. ಮೂರನೇ ದಿನ ಬೆಳಗ್ಗೆ ಹಾಲು ಕರೆದು ಬಂದು ನೋಡಿದರೆ ಓದಿದವರ ಲೆಕ್ಕ ಮುನ್ನೂರು ದಾಟಿತ್ತು. ಕೆಟ್ಟುಹೋಗಿದೆ ಅಂದುಕೊಂಡೆ. ಮಧ್ಯಾಹ್ನಕ್ಕೆ ಸಾವಿರಗಟ್ಟಲೆ. ವಾಟ್ಸಾಪಿನ ಗುಂಪಿನಿಂದ ಗುಂಪಿಗೆ ಹೋಗುತ್ತಿದೆ ಎಂದು ಮೇಷ್ಟ್ರು ಫೋನು ಮಾಡಿ ಹೇಳಿದರು. ವಾರದಲ್ಲಿ ಅದು ಎಣಿಸಲಾಗದ ಲೆಕ್ಕವಾಯಿತು. ಕೆಳಗೆ ಜನ ಬರೆಯತೊಡಗಿದರು. ರಸ್ತೆ ಬದಿಯಲ್ಲಿ ಸ್ಟೋವ್ ಹಚ್ಚಿ ಒಬ್ಬನೇ ಉಣ್ಣುವ ಲಾರಿ ಡ್ರೈವರ್, ಹಾಸ್ಟೆಲಿನಲ್ಲಿ ಇರುವ ನರ್ಸಮ್ಮ, ಹೆಂಡತಿ ಹೋದ ಮೇಲೆ ಅರವತ್ತೆಂಟನೇ ವಯಸ್ಸಿನಲ್ಲಿ ಅಡುಗೆ ಕಲಿಯುತ್ತಿರುವ ಯಾವುದೋ ಊರಿನ ರಿಟೈರ್ಡ್ ಮೇಷ್ಟ್ರು. "ಅಮ್ಮ, ನೀವು ಹೇಳಿದಂಗೆ ಮಾಡಿದೆ, ಗಂಟಾಗಲಿಲ್ಲ" ಎಂದು ಒಬ್ಬರು. "ನನಗೂ ಯಾರೂ ಇಲ್ಲ" ಎಂದು ಹತ್ತಾರು ಜನ. ನಾನು ಎಲ್ಲರಿಗೂ ಉತ್ತರ ಬರೆದೆ. ಹತ್ತೂ ಬೆರಳು ನೋಯುವಷ್ಟು ಬರೆದೆ. ಅಷ್ಟು ಜನ ಒಟ್ಟಿಗೆ ಮಾತಾಡಿಸಿದ್ದು ನನ್ನ ಜನ್ಮದಲ್ಲೇ ಇಲ್ಲ. ಆದರೂ ಲ್ಯಾಪ್‌ಟಾಪು ಮುಚ್ಚಿದ ಕೂಡಲೇ ಮನೆ ಮೊದಲಿನ ಹಾಗೇ ಇರುತ್ತಿತ್ತು.

"ಅಮ್ಮ, ಇಷ್ಟು ಜನ ಬರೋ ಜಾಗದಲ್ಲಿ ಜಾಹೀರಾತು ಹಾಕಿದ್ರೆ ದುಡ್ಡು ಬರುತ್ತೆ" ಎಂದರು ಮೇಷ್ಟ್ರು. ಅವರೇ ಜಾಹೀರಾತಿನ ಕಂಪನಿಗೆ ಅರ್ಜಿ ಹಾಕಿ, ಬ್ಯಾಂಕಿನ ನಂಬರು ಕೊಟ್ಟು, ಎಲ್ಲ ಮಾಡಿದರು. ಕೆಲವು ದಿನಕ್ಕೆ ನನ್ನ ಬರಹದ ನಡುನಡುವೆ ಬಣ್ಣದ ಚೌಕಗಳು ಕಾಣಿಸಿಕೊಂಡವು. ಒಂಟಿಯಾಗಿದ್ದೇನೆ ಎಂದು ಬರೆದವಳಿಗೆ ಕಂಪನಿಯವರು ವಧೂವರರ ಜಾಹೀರಾತು ಹಾಕಿದ್ದರು. ಅದರ ಕೆಳಗೆ ಏಳು ಲೀಟರಿನ ಕುಕ್ಕರ್. ಅದರ ಕೆಳಗೆ ಕೂದಲು ಉದುರುವುದಕ್ಕೆ ಎಣ್ಣೆ. ನನ್ನನ್ನು ಎಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾರೆ ಎಂದು ನಕ್ಕೆ. ಆದರೂ ಮೊದಲ ದಿನ ಜಾಹೀರಾತಿನ ಖಾತೆಯಲ್ಲಿ ಮೂರು ರೂಪಾಯಿ ಚಿಲ್ಲರೆ ಕಂಡಾಗ ಎದೆ ಹಗುರಾಯಿತು. ತೋಟ ಇದೆ, ಉಣ್ಣುವುದಕ್ಕೆ ಕೊರತೆಯಿಲ್ಲ. ಇದು ಬೇರೆ ದುಡ್ಡು. ಯಾರೋ ನನ್ನ ಬಾಗಿಲಿಗೆ ಬಂದು ಹೋದರು ಎನ್ನುವುದಕ್ಕೆ ಸಿಕ್ಕ ದುಡ್ಡು.

ಮೇಷ್ಟ್ರು ಒಂದೇ ಒಂದು ಎಚ್ಚರ ಹೇಳಿದ್ದರು. "ಜಾಹೀರಾತು ಯಾರಾದ್ರೂ ಒತ್ತಿದ್ರೆ ದುಡ್ಡು ಜಾಸ್ತಿ ಬರುತ್ತೆ. ಆದ್ರೆ ನಿಮ್ಮದನ್ನ ನೀವೇ ಒತ್ತಬಾರದು. ನೆನಪಿರಲಿ."

ನನಗೆ ಅದು ಸರಿಯಾಗೇ ಅರ್ಥವಾಯಿತು ಅಂದುಕೊಂಡೆ. ಪಂಕ್ತಿಯಲ್ಲಿ ಕೂತವರು ತಮ್ಮ ಎಲೆಗೆ ತಾವೇ ಬಡಿಸಿಕೊಳ್ಳಬಾರದು. ಬೇರೆಯವರು ಬಡಿಸಬೇಕು. ಎಷ್ಟು ಬಡಿಸಿದರೂ ಅದು ಅವರ ಪ್ರೀತಿ. ನಮ್ಮ ಕಡೆ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ದುಡ್ಡು ಕಳಿಸುವ ಮೊದಲು ವಿಳಾಸ ನಿಜವೋ ಸುಳ್ಳೋ ನೋಡುವುದಕ್ಕೆ ಆ ಕಂಪನಿಯವರು ಅಂಚೆಯಲ್ಲಿ ಒಂದು ಕಾಗದ ಕಳಿಸುತ್ತಾರೆ. ಅದರೊಳಗಿನ ನಂಬರನ್ನು ನಾವು ಕಂಪ್ಯೂಟರಿಗೆ ತುಂಬಬೇಕು. ಆ ಕಾಗದ ಬಂದ ದಿನ ನಾನು ತೋಟದಲ್ಲಿದ್ದೆ. ಪೋಸ್ಟಿನವನು ಪಕ್ಕದ ಮನೆಯಲ್ಲಿ ಕೊಟ್ಟು ಹೋಗಿದ್ದ. ನಾನು ಹೆಡಗೆ ಇಳಿಸಿ ಕಾಲು ತೊಳೆಯುತ್ತಿದ್ದಾಗ ಜಗಲಿಯ ಕೆಳಗೆ ಅಕ್ಕ ಬಂದು ನಿಂತಳು. ಕಾಗದವನ್ನು ಹಾವು ಹಿಡಿದ ಹಾಗೆ ದೂರಕ್ಕೆ ಹಿಡಿದಿದ್ದಳು.

"ಪೋಸ್ಟಿನೋನು ನಮ್ಮನೇಲಿ ಕೊಟ್ಟೋದ. ಇಂಗ್ಲೀಸಲ್ಲೈತೆ. ಕೋರ್ಟಿಂದು ಇರ್ಬೇಕು ಅಂತ ನಿಮ್ ಭಾವ ಅಂದ್ರು. ನಮ್ ಮ್ಯಾಲೆ ಏನಾರ ಹಾಕಿದೀಯೇನೇ?"

ಆರು ವರ್ಷದ ಮೇಲೆ ಆಡಿದ ಮೊದಲ ಮಾತು ಇದು. ನನಗೆ ನಗುವೂ ಬಂತು, ಅಳುವೂ ಬಂತು.

"ಕೋರ್ಟಿಂದಲ್ಲ ಕಣಕ್ಕ. ಜಾಹೀರಾತಿನ ಕಂಪನಿದು. ನಂಗೆ ದುಡ್ಡು ಕೊಡ್ತಾರಂತೆ, ಅದ್ಕೆ ಕಳ್ಸವ್ರೆ."

"ನಿಂಗ್ಯಾಕೆ ಕೊಡ್ತಾರೆ?"

"ಕೂತ್ಕೋ, ಹೇಳ್ತೀನಿ."

ಕೂತಳು. ಕಾಫಿ ಮಾಡಿದೆ. ಗಡಿಬಿಡಿಯಲ್ಲಿ ಸಕ್ಕರೆ ಎರಡು ಸಲ ಹಾಕಿದೆನೋ ಏನೋ, ಅವಳು ಪೂರ್ತಿ ಕುಡಿದಳು. ತಿಥಿಯ ದಿನದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಾನು ಬ್ಲಾಗು, ಓದುವವರು, ಬಣ್ಣದ ಚೌಕ ಎಲ್ಲ ವಿವರಿಸಿದೆ. ಅಷ್ಟು ಹೊತ್ತು ಒಬ್ಬರು ಎದುರಿಗೆ ಕೂತು ಕೇಳುತ್ತಿದ್ದಾರೆ ಎಂಬ ಖುಷಿಗೆ ಬೇಕಾದ್ದು ಬೇಡದ್ದು ಎಲ್ಲ ಹೇಳಿದೆ.

"ಅಂದ್ರೆ, ಒತ್ತಿದ್ರೆ ದುಡ್ಡು. ಯಾರ್ ಒತ್ತಿದ್ರೂ ಬತ್ತದಾ?"

"ಯಾರ್ ಒತ್ತಿದ್ರೂ. ನಾನೊಬ್ಳು ಒತ್ತಂಗಿಲ್ಲ ಅಷ್ಟೇಯ."

ಅಕ್ಕ ಲೋಟವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಹೇಳಿದಳು. "ನಿಂದು ಮೂರಾಳು ಮುಯ್ಯಿ ನನ್ ತಲೆ ಮ್ಯಾಲೈತೆ ಕಣೇ."

ಮುಯ್ಯಿ ಎಂದರೆ ಕೂಲಿಯಿಲ್ಲದ ಕೆಲಸ. ನಿಮ್ಮ ಮನೆಯ ಕೊಬ್ಬರಿ ಒಡೆಯುವುದಕ್ಕೆ ಇವತ್ತು ನಾನು ಬಂದರೆ ನಮ್ಮ ಮನೆಯದಕ್ಕೆ ನಾಳೆ ನೀವು ಬರಬೇಕು. ಎಷ್ಟು ದಿನ ಬಂದರೋ ಅಷ್ಟು ದಿನ ಹೋಗಿ ತೀರಿಸಬೇಕು. ನನ್ನವರು ಇದ್ದ ಕೊನೆಯ ಬೇಸಿಗೆಯಲ್ಲಿ ನಾನು ಅವರ ಮನೆಯಲ್ಲಿ ಮೂರು ದಿನ ಕೂತು ಚಿಪ್ಪು ಒಡೆದಿದ್ದೆ. ಅದು ವಾಪಸು ಬರುವ ಮೊದಲೇ ಜಗಳವಾಯಿತು. ಆಮೇಲಿಂದ ನಾನು ಕೂಲಿ ಕೊಟ್ಟು ಹೊರಗಿನವರನ್ನು ಕರೆಸುತ್ತಿದ್ದೆ. ಕೂಲಿ ಕೊಟ್ಟರೆ ಕೆಲಸ ಆಗುತ್ತದೆ, ಮಾತುಕತೆ ಆಗುವುದಿಲ್ಲ. ಸಂಜೆ ಐದಕ್ಕೆ ಕೈ ಒರೆಸಿಕೊಂಡು ಹೊರಟುಬಿಡುತ್ತಾರೆ.

"ಅದನ್ನ ಇನ್ನೂ ನೆನಪಿಟ್ಕಂಡಿದೀಯಾ ಅಕ್ಕ?"

"ಮುಯ್ಯಿ ಮರೆಯಾಕಾಗ್ತದಾ? ನೀನು ಕರೀಲಿಲ್ಲ. ಕರೀದೆ ನಾನು ಎಂಗ್ ಬರ್ಲಿ? ಇದಾದ್ರೆ ಕರೀದೆ ಇದ್ರೂ ತೀರಿಸ್ಬೋದಲ್ಲ."

ಫೋನು ತೆಗೆದು, ಎಲ್ಲಿ ಒತ್ತಬೇಕು ತೋರಿಸು ಎಂದಳು. ತೋರಿಸಿದೆ. ಅವತ್ತು ನಾನು ಮಾಡಿದ ತಪ್ಪು ಇದೇ. ಆದರೆ ಯಾರಾದರೂ ನನ್ನನ್ನು ಅವತ್ತಿನ ಜಗಲಿಗೆ ವಾಪಸು ಕೂರಿಸಿದರೆ ಮತ್ತೆ ಅದನ್ನೇ ಮಾಡುತ್ತೇನೆ.

ಮರುದಿನ ಮಧ್ಯಾಹ್ನ ಅಕ್ಕ ಒಬ್ಬಳೇ ಬರಲಿಲ್ಲ. ಸ್ವಸಹಾಯ ಸಂಘದ ಹೆಂಗಸರನ್ನು ಕರೆದುಕೊಂಡು ಬಂದಳು. ಹನ್ನೆರಡು ಜನ, ಒಂಬತ್ತು ಫೋನು. ನಮ್ಮ ಜಗಲಿಯಲ್ಲಿ ನೆಟ್‌ವರ್ಕ್ ಚೆನ್ನಾಗಿ ಸಿಗುತ್ತದೆ, ಅದೂ ಒಂದು ಅನುಕೂಲವಾಯಿತು. ಮಾಡುತ್ತಿದ್ದ ಕೆಲಸವನ್ನೂ ಜೊತೆಗೆ ತಂದಿದ್ದರು. ಒಬ್ಬಳು ಅವರೆಕಾಯಿ ಬಿಡಿಸುತ್ತಿದ್ದಳು, ಒಬ್ಬಳು ಪೊರಕೆಗೆ ಗರಿ ಸೀಳುತ್ತಿದ್ದಳು. ನಡುನಡುವೆ ಕೈ ಒರೆಸಿಕೊಂಡು ಒತ್ತುವುದು.

"ಲೇ, ಈ ಗಂಡು ಚೆನ್ನಾಗವ್ನೆ ಕಣೇ, ಇವನ್ನ ಇನ್ನೊಂದ್ ಕಿತ ಒತ್ತು" ಎಂದಳು ಒಬ್ಬ ಅಜ್ಜಿ, ವಧೂವರರ ಜಾಹೀರಾತು ನೋಡಿ.

"ಅವನ್ನ ನಾನ್ ಆಗ್ಲೇ ಆರು ಕಿತ ಒತ್ತಿದೀನಿ, ಬುಡು, ಪಾಪ" ಎಂದಳು ಇನ್ನೊಬ್ಬಳು.

ಕಾರು ಒತ್ತಿದರು, ಸೈಟು ಒತ್ತಿದರು, ಮೊಣಕಾಲು ನೋವಿನ ತೈಲ ಒತ್ತಿದರು. ತೈಲವನ್ನು ಒಬ್ಬಿಬ್ಬರು ನಿಜವಾಗಿಯೂ ಓದಿದರು. ಹನ್ನೆರಡು ಜನಕ್ಕೆ ಕಾಫಿ ಮಾಡಬೇಕಾಗಿ ಬಂದು ನಾನು ಅಟ್ಟದಿಂದ ದೊಡ್ಡ ಪಾತ್ರೆ ಇಳಿಸಿದೆ. ಎಷ್ಟು ಪುಡಿ ಹಾಕಬೇಕೆಂಬ ಅಂದಾಜೇ ಮರೆತುಹೋಗಿತ್ತು. ನೀರು ಕಾಫಿ ಎಂದು ಎಲ್ಲರೂ ಸೇರಿ ಬೈದರು. ಬೈಸಿಕೊಳ್ಳುವುದು ಇಷ್ಟು ಸುಖ ಎಂದು ನನಗೆ ಗೊತ್ತಿರಲಿಲ್ಲ.

ಹೀಗೆ ನಾಲ್ಕು ದಿನ. ನಾನು ಬರೆದದ್ದನ್ನು ಮಾತ್ರ ಯಾರೂ ಓದಲಿಲ್ಲ. ನನಗೂ ಅದೇ ಬೇಕಾಗಿತ್ತು. ಮೂರನೆಯ ದಿನ ಅಕ್ಕ ಕೇಳಿಯೇ ಬಿಟ್ಟಳು. "ಊರೆಲ್ಲ ಓದ್ತದಂತೆ. ಅಂತಾದ್ದೇನ್ ಬರ್ದಿದೀಯ? ಓದು, ನಾವೂ ಕೇಳಾಣ."

ಒಳಗಿನಿಂದ ಲ್ಯಾಪ್‌ಟಾಪು ತಂದಿಟ್ಟುಕೊಂಡೆ. ಎಸರು ಎಷ್ಟು, ಹಿಟ್ಟು ಎಷ್ಟು ಎನ್ನುವವರೆಗೆ ಓದಿದೆ. ಗೋಡೆಯ ಆಚೆಯ ಸಾಲು ಬಂದಾಗ ನಿಲ್ಲಿಸಿ, ಅಷ್ಟೇ ಎಂದೆ.

"ಇಷ್ಟೇನಾ? ಮುದ್ದೆ ಮಾಡಾದ್ನ ಓದಾಕೆ ಅಷ್ಟು ಜನವಾ?" ಎಂದು ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಅವತ್ತು ಅವರೆಲ್ಲ ಹೋದ ಮೇಲೆ ಆ ಸಾಲನ್ನು ಅಳಿಸಿಬಿಡೋಣ ಎಂದು ಕೂತೆ. ಆ ಸಾಲಿನಿಂದಲೇ ಅಲ್ಲವೇ ಅಷ್ಟು ಜನ ಬಂದದ್ದು ಎನ್ನಿಸಿತು. ಅಳಿಸಲಿಲ್ಲ. ದುಡ್ಡಿನ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಖಾತೆಯಲ್ಲಿ ದುಡ್ಡು ಏರುತ್ತಿತ್ತು. ಒಂದು ತಿಂಗಳಲ್ಲಿ ಬಂದದ್ದಕ್ಕಿಂತ ಹೆಚ್ಚು ಆ ನಾಲ್ಕು ದಿನದಲ್ಲಿ ಬಂತು. ಐದನೆಯ ದಿನ ಬೆಳಗ್ಗೆ ಒಂದು ಇಮೇಲ್ ಬಂತು. ಇಂಗ್ಲಿಷಿನಲ್ಲಿತ್ತು. ನಾಲ್ಕೈದು ಸಲ ಓದಿದರೂ ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. ಜಾಹೀರಾತಿನ ಚೌಕಗಳು ಇದ್ದ ಜಾಗ ಬಿಳಿಯಾಗಿತ್ತು. ಬಸ್ಸು ಹತ್ತಿ ಮೇಷ್ಟ್ರ ಹತ್ತಿರ ಓಡಿದೆ.

ಮೇಷ್ಟ್ರು ಓದಿ ಕನ್ನಡಕ ತೆಗೆದರು. "ಖಾತೆ ಮುಚ್ಚಿದ್ದಾರೆ ಅಮ್ಮ. ಬಂದಿದ್ದ ದುಡ್ಡೂ ಕೊಡಲ್ವಂತೆ. ಸುಳ್ಳು ಕ್ಲಿಕ್ಕು ಅಂತ. ಯಾರು ಒತ್ತಿದ್ದು?"

ಹೇಳಿದೆ. ಅವರು ಹಣೆ ಹಿಡಿದುಕೊಂಡರು. "ಒಂದೇ ಜಾಗದಿಂದ ನೂರಾರು ಸಲ ಒತ್ತಿದ್ರೆ ಕಂಪ್ಯೂಟರಿಗೆ ಗೊತ್ತಾಗದೇ ಇರುತ್ತಾ? ನೀವು ಒತ್ತಬಾರದು ಅಂದ್ರೆ ನಿಮ್ಮ ಕಡೆಯೋರೂ ಒತ್ತಬಾರದು ಅಂತ."

"ನೀವು ಅಂಗೆ ಹೇಳ್ಲಿಲ್ವಲ್ಲ ಮೇಷ್ಟ್ರೇ."

"ನಿಮ್ಮ ಕಡೆಯೋರು ಇದಾರೆ ಅಂತ ನಂಗೆ ಗೊತ್ತಿರಲಿಲ್ಲ ತಾಯಿ" ಎಂದರು. ಚುಚ್ಚಬೇಕೆಂದು ಹೇಳಿದ್ದಲ್ಲ.

ಒಂದು ಸಲ ಮನವಿ ಮಾಡಿಕೊಳ್ಳುವುದಕ್ಕೆ ಅವಕಾಶ ಇತ್ತು. ಅದಕ್ಕೊಂದು ಫಾರಂ. ಈ ಜಾಹೀರಾತುಗಳನ್ನು ಒತ್ತಿದವರು ಯಾರೆಂದು ನಿಮಗೆ ಗೊತ್ತೇ, ಅವರಿಗೂ ನಿಮಗೂ ಏನು ಸಂಬಂಧ ಎಂದು ಕೇಳಿ, ಕೆಳಗೆ ಖಾಲಿ ಜಾಗ ಬಿಟ್ಟಿದ್ದರು. ಮೇಷ್ಟ್ರು ಅದನ್ನು ಕನ್ನಡದಲ್ಲಿ ಓದಿ ಹೇಳಿದರು. "ನಮ್ಮೋರು ಅಂತ ಬರೆದ್ರೆ ಅಲ್ಲಿಗೆ ಮುಗೀತು. ಗೊತ್ತಿಲ್ಲ, ಯಾರೋ ಹೊಟ್ಟೆಕಿಚ್ಚಿಗೆ ಮಾಡಿದ್ದಾರೆ ಅಂತ ಬರೆದ್ರೆ ಬಿಡಬಹುದೇನೋ. ನೋಡಿ, ನಿಮ್ಮ ಇಷ್ಟ. ನೀವು ಕನ್ನಡದಲ್ಲಿ ಟೈಪ್ ಮಾಡಿ, ನಾನು ಇಂಗ್ಲಿಷ್ ಮಾಡ್ತೀನಿ." ಇಷ್ಟು ಹೇಳಿ ಯಾರಿಗೋ ಜೆರಾಕ್ಸ್ ಮಾಡಿಕೊಡಲು ಎದ್ದು ಹೋದರು.

ನಾನು ಆ ಖಾಲಿ ಜಾಗವನ್ನು ನೋಡುತ್ತಾ ಕೂತೆ. ದುಡ್ಡು ಹೋದರೆ ಹೋಗಲಿ ಎಂದು ಎದ್ದು ಬರಬಹುದಾಗಿತ್ತು. ಆದರೆ ನನಗಿದ್ದ ಭಯವೇ ಬೇರೆ. ಒತ್ತುವುದಕ್ಕೆ ಏನೂ ಇಲ್ಲದಿದ್ದರೆ ನಾಳೆಯಿಂದ ಜಗಲಿಗೆ ಯಾರು ಬರುತ್ತಾರೆ? ಅಕ್ಕ ಯಾವ ನೆಪದ ಮೇಲೆ ಬರುತ್ತಾಳೆ? ಅವರು ಮತ್ತೆ ಬರಬೇಕಾದರೆ ಜಾಹೀರಾತು ಬರಬೇಕು. ಜಾಹೀರಾತು ಬರಬೇಕಾದರೆ ಅವರು ನನಗೆ ಯಾರೂ ಅಲ್ಲ ಎಂದು ಬರೆಯಬೇಕು. ಎಷ್ಟು ತಿರುಗಿಸಿದರೂ ಲೆಕ್ಕ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಬರೆದೆ. "ಇವರು ಯಾರೆಂದು ನನಗೆ ತಿಳಿಯದು. ಇವರಿಗೂ ನನಗೂ ಯಾವ ಸಂಬಂಧವೂ ಇಲ್ಲ. ನನಗೆ ಕೆಡುಕು ಮಾಡಬೇಕೆಂದು ಮಾಡಿರಬಹುದು." ಒಂದು ಅಕ್ಷರವೂ ತಪ್ಪಾಗಲಿಲ್ಲ. ಮೇಷ್ಟ್ರು ಓದಿದರು. ಇಂಗ್ಲಿಷ್ ಮಾಡಿ ಕಳಿಸಿದರು. ಎಷ್ಟಾಯಿತು ಎಂದು ಕೇಳಿದರೆ ಬೇಡ ಹೋಗಿ ಎಂದರು.

ಎರಡು ದಿನಕ್ಕೆ ಉತ್ತರ ಬಂತು. ನಿಮ್ಮ ಮನವಿಯನ್ನು ಪರಿಶೀಲಿಸಿದ್ದೇವೆ, ತೀರ್ಮಾನ ಬದಲಾಗುವುದಿಲ್ಲ, ಇದೇ ಕೊನೆ. ಎರಡೇ ಸಾಲು. ಸುಳ್ಳು ಬರೆದದ್ದೂ ದಂಡವಾಯಿತು. ಅವತ್ತು ನಾನು ಎಮ್ಮೆಯ ಮೇಲೆ ಸುಮ್ಮಸುಮ್ಮನೆ ಕೂಗಾಡಿದೆ.

ಸಂಘದ ಹೆಂಗಸರು ಆಗಲೇ ಬರುವುದನ್ನು ಬಿಟ್ಟಿದ್ದರು. ಅವರವರ ಕೆಲಸ ಅವರವರಿಗೆ. ಅಕ್ಕ ಒಬ್ಬಳು ದಿನಾ ಮಧ್ಯಾಹ್ನ ಬರುತ್ತಿದ್ದಳು. ಫೋನು ತೆರೆದು, ಮೇಲಿನಿಂದ ಕೆಳಗಿನ ತನಕ ಎಳೆದು ನೋಡಿ, ಇವತ್ತೂ ಬಂದಿಲ್ವಲ್ಲೇ ಎನ್ನುತ್ತಿದ್ದಳು. ನೆಟ್‌ವರ್ಕ್ ಸರಿಯಿಲ್ಲ ಎಂದು ನಾನು ಹೇಳುತ್ತಿದ್ದೆ. ಆ ನೆಪದಲ್ಲಿ ಇನ್ನೂ ನಾಲ್ಕು ದಿನ ಕಳೆದೆ. ಇಬ್ಬರೂ ಕಾಫಿ ಕುಡಿಯುತ್ತಿದ್ದೆವು. ಅವಳು ಮಗಳ ಸುದ್ದಿ ಹೇಳುತ್ತಿದ್ದಳು, ಭಾವನ ಶುಗರ್ ಬಗ್ಗೆ ಹೇಳುತ್ತಿದ್ದಳು. ನಾನು ಹೂಂ ಹೂಂ ಎನ್ನುತ್ತಾ, ಇವಳು ನನಗೆ ಯಾರೂ ಅಲ್ಲ ಎಂದು ಬರೆದ ಕೈಯಲ್ಲೇ ಇವಳಿಗೆ ಕಾಫಿ ಬಗ್ಗಿಸುತ್ತಿದ್ದೇನಲ್ಲ ಎಂದುಕೊಳ್ಳುತ್ತಿದ್ದೆ. ಹೇಳಿಬಿಡಬೇಕು ಎಂದು ನಾಲಿಗೆಯ ತುದಿಗೆ ಬರುತ್ತಿತ್ತು. ಹೇಳಿದರೆ, ಅವಳ ಬೆರಳಿನಿಂದಲೇ ಎಲ್ಲ ಹೋಯಿತು ಎಂಬುದನ್ನೂ ಹೇಳಬೇಕಾಗುತ್ತದೆ. ಆರು ವರ್ಷ ಮುಯ್ಯಿ ಹೊತ್ತುಕೊಂಡು ತಿರುಗಿದವಳಿಗೆ ಅದನ್ನು ಹೇಗೆ ಹೇಳಲಿ?

ಐದನೆಯ ದಿನ ಅವಳು ಫೋನು ತೆರೆಯಲಿಲ್ಲ. ಅದನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು.

"ನಾನೇನಾರ ತೆಪ್ ಒತ್ಬುಟ್ನಾ? ಅದ್ಕೇ ಬತ್ತಿಲ್ವಾ?"

"ಛೇ, ಇಲ್ಲ ಕಣಕ್ಕ. ಕಂಪನಿಯೋರೇ ನಿಲ್ಸವ್ರೆ. ಎಲ್ರಿಗೂ ಅಷ್ಟೇಯ."

"ದುಡ್ಡು ಬಂತಾ?"

"ಬಂತು."

"ನಿಜವಾ?"

"ನಿಜ ಕಣಕ್ಕ. ಬ್ಯಾಂಕಿಗೆ ಬಂತು."

ಅವಳು ಉಸಿರು ಬಿಟ್ಟಳು. ಎಷ್ಟು ಎಂದು ಕೇಳಲಿಲ್ಲ. ಬೇರೆ ಕಡೆ ನೋಡುತ್ತಾ ಕೇಳಿದಳು.

"ಅಂಗಾರೆ, ನನ್ ಮುಯ್ಯಿ ತೀರ್ತಾ?"

ಅವಳ ಮನಸ್ಸು ಹಗುರ ಮಾಡಬೇಕು ಎನ್ನುವುದೊಂದೇ ನನ್ನ ತಲೆಯಲ್ಲಿತ್ತು. ನಾನು ಬರೆದ ಸುಳ್ಳಿಗೆ ಇದಾದರೂ ಒಂದು ಪರಿಹಾರವಾಗಲಿ ಎಂದುಕೊಂಡೆ. "ತೀರ್ತು ಕಣಕ್ಕ" ಎಂದೆ. "ಒಂದಕ್ಕೆ ಎರಡಾಗಿ ತೀರ್ತು. ಇನ್ನು ನಿಂದೇನೂ ಉಳ್ದಿಲ್ಲ."

ಅವಳು ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಲೋಟವನ್ನು ನಿಧಾನವಾಗಿ ಕೆಳಗಿಟ್ಟಳು. "ಓ, ಪೂರಾ ತೀರ್ತಾ" ಎಂದಳು. ಬೇರೆ ಉತ್ತರಕ್ಕೆ ಕಾದಿದ್ದ ಮುಖ ಅದು. ಸೆರಗು ಸರಿಮಾಡಿಕೊಂಡು, "ಸರಿ ಬುಡು, ಬತ್ತೀನಿ" ಎಂದು ಜಗಲಿ ಇಳಿದಳು. ಅವಳು ತನ್ನ ಮನೆಯ ಬಾಗಿಲು ದಾಟಿದ ಮೇಲೆ ನನಗೆ ಅರ್ಥವಾಯಿತು.

ಎರಡು ತಿಂಗಳಾಯಿತು. ಬೀದಿಯಲ್ಲಿ ಸಿಕ್ಕರೆ ಊಟ ಆಯ್ತಾ ಎಂದು ಕೇಳುತ್ತಾಳೆ. ನಾನು ಆಯ್ತು ಎನ್ನುತ್ತೇನೆ. ಜಗಲಿ ಹತ್ತುವುದಿಲ್ಲ, ಹತ್ತುವುದಕ್ಕೆ ಅವಳಿಗೆ ಕಾರಣವೇನೂ ಉಳಿದಿಲ್ಲ, ನಾನೇ ತೀರಿಸಿ ಕಳಿಸಿದ್ದೇನೆ. ಈಗ ಹೋಗಿ ಏನೆಂದು ಕರೆಯಲಿ? ದಿನಾ ಮಧ್ಯಾಹ್ನ ಅವಳು ಬರುತ್ತಿದ್ದ ಹೊತ್ತಿಗೆ ಹೊರಗೆ ಬಂದು ಕೂರುತ್ತೇನೆ. ತೀರಿಲ್ಲ ಅಕ್ಕ, ಇನ್ನೂ ಬೇಕಾದಷ್ಟು ಉಳಿದಿದೆ ಎಂದು ಅವತ್ತು ಹೇಳಬೇಕಾಗಿತ್ತು.